ಉಸ್ಮಾನ್ ಕುಂಬಾರನ ಮಗ ಜುಮು

ಹಣ್ಣಿಗೋ ಈದ್ ಖರೀದಿಗೋ ನೀವು ಮುಂಬಯಿಯ ಕ್ರಾಫರ್ಡ್ ಮಾರ್ಕೆಟ್ಟಿಗೆ ಹೋಗಿರುತ್ತೀರಿ. ಬಾಗಿಲ ಮೇಲಿನ ಉಬ್ಬುಶಿಲ್ಪ ನೋಡಿದ್ದೀರಾ? ಅಲ್ಲಿ ಹಳ್ಳಿಯ ರೈತರಿದ್ದಾರೆ. 1869ರಲ್ಲಿ ಮುಗಿದ ಈ ಕಟ್ಟಡಕ್ಕೆ ಅದನ್ನು ರೂಪಿಸಿಕೊಟ್ಟವರು ಜಾನ್ ಲಾಕ್‌ವುಡ್ ಕಿಪ್ಲಿಂಗ್, ಹತ್ತಿರದ ಜೆ.ಜೆ. ಕಲಾಶಾಲೆಯ ಮೇಷ್ಟ್ರು, ಲೇಖಕ ರುಡ್ಯಾರ್ಡ್ ಕಿಪ್ಲಿಂಗರ ತಂದೆ. ಇಂಗ್ಲೆಂಡಿನ ಬರ್ಸ್ಲೆಮ್ ಊರಿನ ಕುಂಬಾರಿಕೆ ಕಾರ್ಖಾನೆಯಲ್ಲಿ ಕೆಲಸ ಕಲಿತವರು. ದುಡಿಯುವ ಮೈಯನ್ನು ಅವರು ಗೌರವದಿಂದಲೇ ಕಂಡಿದ್ದಾರೆ, ಅದನ್ನು ಒಪ್ಪಲೇಬೇಕು.

ಆದರೆ ಆ ರೈತರು ಯಾರು, ಯಾವ ಊರಿನವರು? ಕಲ್ಲು ಹೇಳುವುದಿಲ್ಲ. ಶಿಲ್ಪಕ್ಕೆ ಕಿಪ್ಲಿಂಗರ ಹೆಸರು, ಮಾರ್ಕೆಟ್ಟಿಗೆ ಕಮಿಷನರ್ ಆರ್ಥರ್ ಕ್ರಾಫರ್ಡರ ಹೆಸರು. ರೈತ ಮಾತ್ರ ಬರೀ ರೈತ.

ಜಾರ್ಜ್ ಬರ್ಡ್‌ವುಡ್ಡರ 'ದಿ ಇಂಡಸ್ಟ್ರಿಯಲ್ ಆರ್ಟ್ಸ್ ಆಫ್ ಇಂಡಿಯಾ' (1880) ಪುಸ್ತಕದಲ್ಲೂ ಇದೇ ನೋಟವಿದೆ. ಮುಂಬಯಿಯಲ್ಲಿ ಕೆಲಸ ಮಾಡಿದ್ದ ಈ ವೈದ್ಯರು, ಊರಬಾಗಿಲಲ್ಲಿ ಕೂತು ತಿಗರಿ ತಿರುಗಿಸುವ ಕುಂಬಾರನನ್ನು ಬಹಳ ಅಂದವಾಗಿ ಬಣ್ಣಿಸುತ್ತಾರೆ. ಇಂಥ ಕಸುಬುದಾರರು ಮುಂಬಯಿಯ ಗಿರಣಿಗಳಿಗೆ ಸೇರುತ್ತಿದ್ದಾರಲ್ಲ ಎಂದು ಮರುಗುತ್ತಾರೆ. ಆದರೆ ಅದಕ್ಕೆ ಎರಡೇ ವರ್ಷ ಮೊದಲು ಮುಗಿದಿದ್ದ 1876-78ರ ಮಹಾಕ್ಷಾಮ, ಆಗ ಮುಂಬಯಿ ಪ್ರಾಂತ್ಯದಲ್ಲೇ ಇದ್ದ ಬಿಜಾಪುರ, ಧಾರವಾಡದ ಕಡೆಯ ಹಳ್ಳಿಗಳನ್ನು ಹಿಂಡಿಹಾಕಿತ್ತು. ಆ ಚೆಂದದ ಹಳ್ಳಿಯ ಚಿತ್ರದಲ್ಲಿ ಹಸಿವಿಗೆ ಜಾಗವೇ ಇಲ್ಲ.

ಅದೇ ಪುಸ್ತಕದಲ್ಲಿ ಬೇರೆ ತರಹದ ಸಾಲೂ ಇದೆ. ಸಿಂಧ್ ಪ್ರದೇಶದ ಮೆರುಗಿನ ಮಣ್ಣಿನ ಪಾತ್ರೆಗಳ ಬಗ್ಗೆ ಬರೆಯುವಾಗ ಬರ್ಡ್‌ವುಡ್ಡರು ಕುಂಬಾರರ ಹೆಸರು ಹಿಡಿದು ಹೇಳುತ್ತಾರೆ: ಕರಾಚಿಯ ಉಸ್ಮಾನ್ ಕುಂಬಾರನ ಮಗ ಜುಮು, ಸಿಂಧ್ ಹೈದರಾಬಾದಿನ ನೂರ್ ಮಹಮ್ಮದ್. ಆ ಬಣ್ಣನೆಗಿಂತ ಈ ಸಾಲೇ ನನಗೆ ದೊಡ್ಡದು. ಯಾಕಂದ್ರೆ ಹೆಸರು ಬಂದ ಕೂಡಲೇ ಅದರ ಹಿಂದೆ ಅಪ್ಪ ಬರುತ್ತಾನೆ, ಊರು ಬರುತ್ತದೆ, ಕೆಲಸ ಕಲಿಸಿದ ಮನೆ ಬರುತ್ತದೆ. ಚಿತ್ರದೊಳಗಿನ ಗೊಂಬೆ ಒಬ್ಬ ಉಸ್ತಾದ್ ಆಗುತ್ತಾನೆ.

ಭಾಯಖಳಾದ ಭಾವು ದಾಜಿ ಲಾಡ್ ಮ್ಯೂಸಿಯಂನಲ್ಲಿ ಆ ಕಾಲದ ಕಲಾಶಾಲೆಯ ಮಣ್ಣಿನ ಪಾತ್ರೆಗಳಿವೆ. ವಿದ್ಯಾರ್ಥಿಗಳೇ, ಹೋದಾಗ ಅವುಗಳ ಅಂದ ನೋಡಿ. ಮಾಡಿದವನ ಹೆಸರು ಇದೆಯಾ ಅಂತಲೂ ನೋಡಿ. ಹೋಟೆಲು, ಬಂದರು, ಗಿರಣಿಗಳಲ್ಲಿ ದುಡಿದು ಈ ನಗರವನ್ನು ಕಟ್ಟಿದ ನಮ್ಮ ಹಿರಿಯರ ಹೆಸರುಗಳೂ ಮನೆಮನೆಯ ನೆನಪಿನಲ್ಲಷ್ಟೇ ಇವೆ. ಅವನ್ನು ಬರೆದಿಡೋರು ನೀವೇ ಆಗಬೇಕು, ಅಲ್ವಾ?