ಶೀರ್ಷಿಕೆಯಲ್ಲಿ ಉಳಿದ ಮಠ

ವೇಲ್ಸಿನ ಗಡಿಯಲ್ಲಿ, ವೈ ನದಿಯ ದಡದಲ್ಲಿ ಪಾಳುಬಿದ್ದಿರುವ ಟಿಂಟರ್ನ್ ಮಠವನ್ನು ಸಾಹಿತ್ಯಲೋಕವು ಬಲ್ಲುದು ವರ್ಡ್ಸ್‌ವರ್ತನ 1798ರ ಕವಿತೆಯಿಂದ. ಆದರೆ ಮಠವಿರುವುದು ಶೀರ್ಷಿಕೆಯಲ್ಲಿ ಮಾತ್ರ. ಕವಿತೆಯೊಳಗೆ ಅದರ ಒಂದು ಕಲ್ಲೂ ಕಾಣದು. ಕವಿ ನಿಂತುದು ಮಠಕ್ಕಿಂತ ಕೆಲವು ಮೈಲಿ ಮೇಲೆ ಎಂಬುದು ಈ ಮೌನಕ್ಕೆ ಸಾಕಷ್ಟು ಸಮಾಧಾನವೆ?

ಆ ಸೀಮೆಯಲ್ಲಿ ಹಿಂದಿನವರ ಪಾಳು ಮುಂದಿನವರ ಬಂಡವಾಳವಾಗಿದೆ. ಸಮೀಪದ ಚೆಪ್‌ಸ್ಟೋ ಕೋಟೆಯ ನಾರ್ಮನ್ ಗೋಪುರದಲ್ಲಿ ಹಳೆಯ ರೋಮನ್ ಕಟ್ಟಡಗಳ ಇಟ್ಟಿಗೆಯ ಪಟ್ಟಿಯಿದೆ. 1131ರಲ್ಲಿ ಸ್ಥಾಪಿತವಾದ ಟಿಂಟರ್ನ್ ಮಠವು 1536ರಲ್ಲಿ, ಎಂಟನೆಯ ಹೆನ್ರಿಯ ಕಾಲದಲ್ಲಿ, ಮುಚ್ಚಲ್ಪಟ್ಟಿತು; ಛಾವಣಿಯ ಸೀಸವನ್ನು ಕಿತ್ತೊಯ್ದರು.

ವಿಲಿಯಂ ಗಿಲ್ಪಿನ್ 1782ರ ತನ್ನ ಪ್ರವಾಸಗ್ರಂಥದಲ್ಲಿ ಈ ಮಠವನ್ನು ಚಿತ್ರದಂತೆ ಪರೀಕ್ಷಿಸಿ, ಅದರ ತ್ರಿಕೋಣದ ತುದಿಗೋಡೆಗಳಿಗೆ ಸುತ್ತಿಗೆಯ ಪೆಟ್ಟು ಬಿದ್ದರೆ ಸೊಗಸು ಹೆಚ್ಚೀತೆಂದನು. ಆದರೂ ಪಾಳಿನಲ್ಲಿ ಬದುಕುತ್ತಿದ್ದ ಭಿಕ್ಷುಕರ ದೈನ್ಯವನ್ನು ಅವನು ಮರೆಮಾಚಲಿಲ್ಲ. ವರ್ಡ್ಸ್‌ವರ್ತನಲ್ಲಿ ನಿರ್ಗತಿಕರು ಕಾಡಿನಿಂದೇಳುವ ಹೊಗೆಯನ್ನು ಕಂಡು ಮಾಡಿದ ಊಹೆಯಾಗಿ ಸುಳಿಯುತ್ತಾರೆ, ಅಷ್ಟೆ.

ಕವಿ ಚರಿತ್ರೆಯನ್ನು ಮರೆಗೆ ಸರಿಸಿದನೆಂದು ಮಾರ್ಜರಿ ಲೆವಿನ್‌ಸನ್ 1986ರಲ್ಲಿ ವಾದಿಸಿದರು. ಆಕ್ಷೇಪಣೆಯಲ್ಲಿ ಹುರುಳಿದೆ. ಆದರೆ ಕವಿ ಬರೆದುದು ಸ್ಥಳಪುರಾಣವನ್ನಲ್ಲ. ಐದು ವರ್ಷಗಳ ಅನಂತರ ಹಿಂದಿರುಗಿ, ತನ್ನಲ್ಲಿ ಅಳಿದುದೆಷ್ಟು, ಉಳಿದುದೆಷ್ಟು ಎಂದು ಅವನು ಲೆಕ್ಕ ಹಾಕುತ್ತಾನೆ. ಬಿಟ್ಟುಹೋದ ಎಡೆಗೆ ಮರಳುವವರೆಲ್ಲರೂ ಬಲ್ಲ ಲೆಕ್ಕವಿದು. ಇಲ್ಲಿ ಪಾಳು ಕವಿಯೊಳಗೇ ಇದೆ. ಕವಿತೆಯ ಹಿರಿಮೆಯೂ ಅದೇ, ಮಿತಿಯೂ ಅದೇ. ಅದರ ಪಕ್ಕದಲ್ಲಿ ಗಿಲ್ಪಿನ್ ಕಂಡ ಭಿಕ್ಷುಕರನ್ನು ಇರಿಸಿಕೊಂಡು ಓದಿದಾಗಲೇ ಟಿಂಟರ್ನ್ ಪೂರ್ಣವಾಗುತ್ತದೆ.