ದಿಬ್ಬದ ಆಚೆಗಿನ ಮಕ್ಕಳು

ಶಾನ್ ಬೇಕರ್ ನಿರ್ದೇಶನದ ‘ದ ಫ್ಲಾರಿಡಾ ಪ್ರಾಜೆಕ್ಟ್’ (2017) ಚಿತ್ರದ ಹೆಸರಿನಲ್ಲೇ ಒಂದು ವ್ಯಂಗ್ಯವಿದೆ. 1960ರ ದಶಕದಲ್ಲಿ ವಾಲ್ಟ್ ಡಿಸ್ನಿ ಫ್ಲಾರಿಡಾದಲ್ಲಿ ಸಾವಿರಾರು ಎಕರೆ ಜಮೀನನ್ನು ಬೇರೆ ಬೇರೆ ಕಂಪನಿಗಳ ಹೆಸರಿನಲ್ಲಿ ಗುಟ್ಟಾಗಿ ಕೊಳ್ಳುತ್ತಿದ್ದಾಗ ಆ ಯೋಜನೆಯನ್ನು ಕರೆಯುತ್ತಿದ್ದದ್ದು ಹೀಗೆ. ಆ ನೆಲದಲ್ಲಿ 1971ರ ಅಕ್ಟೋಬರಿನಲ್ಲಿ ವಾಲ್ಟ್ ಡಿಸ್ನಿ ವರ್ಲ್ಡ್ ತೆರೆಯಿತು. ‘ಪ್ರಾಜೆಕ್ಟ್’ ಎಂಬ ಮಾತಿಗೆ ಅಮೆರಿಕದ ಆಡುನುಡಿಯಲ್ಲಿ ಇನ್ನೊಂದು ಅರ್ಥವೂ ಉಂಟು: ಬಡವರಿಗೆಂದು ಸರ್ಕಾರ ಕಟ್ಟಿಸಿದ ವಸತಿ. ಡಿಸ್ನಿಯ ಕನಸು, ಬಡವರ ಸೂರು ಎರಡನ್ನೂ ಬೇಕರ್ ಒಂದೇ ಹೆಸರಿನಡಿ ತಂದಿದ್ದಾರೆ. ಥೀಮ್ ಪಾರ್ಕಿನ ಬಗ್ಗೆ ನಾನು ಓದಿದ ಯಾವ ಸಿದ್ಧಾಂತಕ್ಕಿಂತಲೂ ಈ ಸಿನಿಮಾ ಹೆಚ್ಚು ಕಂಡಿದೆ ಎಂಬುದು ನನ್ನ ಅನಿಸಿಕೆ. ಅದು ಯಾಕೆಂದು ಇಲ್ಲಿ ಹೇಳಲು ಪ್ರಯತ್ನಿಸುತ್ತೇನೆ.

ಕತೆ ನಡೆಯುವುದು ಪಾರ್ಕಿನ ಒಳಗಲ್ಲ, ಅದಕ್ಕೆ ಹತ್ತಿರದ ಕಿಸಿಮ್ಮಿಯ ಹೆದ್ದಾರಿ ಬದಿಯ ಒಂದು ಅಗ್ಗದ ಮೋಟೆಲ್ಲಿನಲ್ಲಿ. ನೇರಳೆ ಬಣ್ಣ ಬಳಿದ ಈ ಕಟ್ಟಡದ ಹೆಸರು ‘ಮ್ಯಾಜಿಕ್ ಕ್ಯಾಸಲ್’. ಸ್ವಂತ ಮನೆಯಿಲ್ಲದ ಕುಟುಂಬಗಳು ಇಲ್ಲಿ ಕೋಣೆ ಹಿಡಿದು, ಬಾಡಿಗೆಗೆ ಒದ್ದಾಡುತ್ತ ದಿನ ದೂಡುತ್ತಿವೆ. ಆರು ವರ್ಷದ ಮೂನಿ, ಅವಳ ಎಳೆ ವಯಸ್ಸಿನ ತಾಯಿ ಹ್ಯಾಲಿ, ಎಲ್ಲರನ್ನೂ ಗದರುತ್ತಲೇ ಕಾಯುವ ಮ್ಯಾನೇಜರ್ ಬಾಬಿ. ಹ್ಯಾಲಿ ಸಗಟಿನಲ್ಲಿ ತಂದ ಸೆಂಟಿನ ಬಾಟಲಿಗಳನ್ನು ದೊಡ್ಡ ಹೋಟೆಲುಗಳ ಮುಂದೆ ಪ್ರವಾಸಿಗಳಿಗೆ ಮಾರುತ್ತಾಳೆ. ಒಮ್ಮೆ ಪಾರ್ಕಿನ ಪ್ರವೇಶಕ್ಕೆ ಕೈಗೆ ಕಟ್ಟಿಕೊಳ್ಳುವ ಪಟ್ಟಿಗಳನ್ನೇ ಕದ್ದು ಮಾರುತ್ತಾಳೆ. ಆ ಪಟ್ಟಿ ಅವಳ ಮಗಳ ಕೈಗೆ ಬರುವುದೇ ಇಲ್ಲ. ಮಧುಚಂದ್ರಕ್ಕೆಂದು ಬ್ರೆಜಿಲ್‌ನಿಂದ ಬಂದ ಜೋಡಿಯೊಂದು ಬುಕಿಂಗ್ ಎಡವಟ್ಟಿನಿಂದ ಈ ಮೋಟೆಲ್ಲಿಗೆ ಬಂದಿಳಿದಾಗ ವಧು ಅಳುತ್ತಾಳೆ. ಅವಳಿಗೆ ಒಂದು ರಾತ್ರಿಗೂ ಬೇಡವಾದ ಜಾಗ ಮೂನಿಗೆ ಮನೆ.

ಥೀಮ್ ಪಾರ್ಕ್ ಎಂಬ ಕಲ್ಪನೆಯ ಬೇರಿನಲ್ಲೇ ಕುಟುಂಬವಿದೆ. ಲಾಸ್ ಏಂಜಲಿಸ್‌ನ ಗ್ರಿಫಿತ್ ಪಾರ್ಕಿನಲ್ಲಿ ತನ್ನ ಹೆಣ್ಣುಮಕ್ಕಳು ತಿರುಗುವ ಕುದುರೆಗಳ ಮೇಲೆ ಕೂತಿದ್ದಾಗ, ತಾನು ಬೆಂಚಿನ ಮೇಲೆ ಸುಮ್ಮನೆ ಕೂತು, ದೊಡ್ಡವರೂ ಮಕ್ಕಳೂ ಒಟ್ಟಿಗೆ ಆಡುವ ಜಾಗವೊಂದು ಬೇಕು ಎಂದು ಯೋಚಿಸಿದ್ದಾಗಿ ಡಿಸ್ನಿ ಹೇಳಿಕೊಳ್ಳುತ್ತಿದ್ದ. 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದ ಆನಾಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ತೆರೆಯಿತು. ಅದರ ಸುತ್ತ ಡಿಸ್ನಿ ಎತ್ತರದ ಮಣ್ಣಿನ ದಿಬ್ಬ ಹಾಕಿಸಿದ. ಒಳಗಿದ್ದವರಿಗೆ ಹೊರಗಿನ ಲೋಕ ಕಾಣಬಾರದು ಎಂಬುದು ಅದರ ಉದ್ದೇಶ. ಪಾರ್ಕಿನ ವಾಸ್ತುವಿನಲ್ಲಿ ಕೋಟೆಗಿಂತ ಮುಖ್ಯವಾದದ್ದು ಈ ದಿಬ್ಬ ಎಂದು ನನಗನ್ನಿಸುತ್ತದೆ. ಕೋಟೆಯನ್ನು ಎಲ್ಲರೂ ನೋಡುತ್ತಾರೆ, ದಿಬ್ಬ ಯಾರ ಕಣ್ಣಿಗೂ ಬೀಳುವುದಿಲ್ಲ.

ವಿಮರ್ಶಕರು ನೋಡಿದ್ದೂ ಬಹುಪಾಲು ಕೋಟೆಯನ್ನೇ. ಉಂಬರ್ತೊ ಇಕೊ 1975ರಲ್ಲಿ ಅಮೆರಿಕ ಸುತ್ತಿ ಬರೆದ ಪ್ರಬಂಧದಲ್ಲಿ ಡಿಸ್ನಿಲ್ಯಾಂಡ್ ತನ್ನ ನಕಲಿತನವನ್ನು ಮುಚ್ಚಿಡುವುದಿಲ್ಲ, ನಕಲಿಯೇ ಅಸಲಿಗಿಂತ ಚೆಂದ ಎಂದು ನಮ್ಮನ್ನು ಒಪ್ಪಿಸುತ್ತದೆ ಎಂದ. ಅಲ್ಲಿಗೆ ಬಂದವರು ಅಲ್ಲಿನ ಯಂತ್ರಗೊಂಬೆಗಳಂತೆಯೇ ನಡೆದುಕೊಳ್ಳಬೇಕಾಗುತ್ತದೆ ಎಂಬ ಅವನ ಮಾತು ಈಗಲೂ ಚುರುಕಾಗಿದೆ. ಬೋದ್ರಿಯಾ 1981ರಲ್ಲಿ ಇನ್ನೂ ಮುಂದೆ ಹೋದ: ಹೊರಗಿನ ಅಮೆರಿಕವೇ ಒಂದು ಡಿಸ್ನಿಲ್ಯಾಂಡ್, ಅದನ್ನು ಮರೆಮಾಚಲಿಕ್ಕಾಗಿಯೇ ಈ ಪಾರ್ಕ್ ಇದೆ. ಇಬ್ಬರ ಪ್ರಶ್ನೆಯೂ ಒಂದೇ, ಇದು ನಿಜವೋ ಸುಳ್ಳೋ? ಆದರೆ ಸಾಲ ಮಾಡಿಯೋ ಚೀಟಿ ಎತ್ತಿಯೋ ಮಕ್ಕಳನ್ನು ಒಂದು ದಿನ ಪಾರ್ಕಿಗೆ ಕರೆತಂದ ತಂದೆತಾಯಿಗೆ ಆ ಪ್ರಶ್ನೆ ಏಳುವುದೇ ಇಲ್ಲ. ಕೋಟೆ ಸುಳ್ಳೆಂದು ಅವರಿಗೆ ಗೊತ್ತು. ಹಾಕಿದ ದುಡ್ಡಿಗೆ ಮಕ್ಕಳ ಮನಸ್ಸಿನಲ್ಲಿ ಉಳಿಯುವಂಥ ಒಂದು ದಿನ ಸಿಕ್ಕೀತೇ ಎಂಬುದೊಂದೇ ಅವರ ಚಿಂತೆ.

ಡಿಸ್ನಿಲ್ಯಾಂಡಿನ ಒಳಗಿನ ಜನಜಂಗುಳಿಯ ಎದುರು ಅದರ ಪಾರ್ಕಿಂಗ್ ಜಾಗದ ಒಂಟಿತನವನ್ನು ಬೋದ್ರಿಯಾ ಇಟ್ಟು ತೋರಿಸುತ್ತಾನೆ. ನಮ್ಮಲ್ಲಿ ಇದು ತಿರುಗುಮುರುಗು. ಬೆಂಗಳೂರಿನ ಹೊರವಲಯದ ಪಾರ್ಕೊಂದಕ್ಕೆ ಮನೆಮಂದಿಯೊಡನೆ ಹೋಗಿದ್ದಾಗ ನಾನು ಕಂಡಂತೆ, ಅಲ್ಲಿ ಎಲ್ಲಕ್ಕಿಂತ ಲವಲವಿಕೆಯಿಂದಿದ್ದದ್ದು ಪಾರ್ಕಿಂಗ್ ಜಾಗವೇ. ಹೊರಗಿನ ತಿಂಡಿಯನ್ನು ಒಳಗೆ ಬಿಡುವುದಿಲ್ಲವಾದ್ದರಿಂದ ಟೆಂಪೊ ಟ್ರಾವೆಲರ್‌ಗಳ ನೆರಳಿನಲ್ಲಿ ಜಮಖಾನ ಹಾಸಿ ಬುತ್ತಿ ಬಿಚ್ಚಿದ್ದರು. ಚಿತ್ರಾನ್ನ, ಮೊಸರನ್ನ, ರೊಟ್ಟಿ, ಶೇಂಗಾ ಚಟ್ನಿ. ಪಕ್ಕದ ಗಾಡಿಯವರಿಗೆ ಉಪ್ಪಿನಕಾಯಿ ಕೊಟ್ಟು ಅವರಿಂದ ಚಕ್ಕುಲಿ ಇಸಿದುಕೊಂಡರು. ಅಜ್ಜಿಯೊಬ್ಬರು, “ನಂಗೆ ಟಿಕೆಟ್ ತಗೋಬ್ಯಾಡ ಕಣಪ್ಪಾ, ನಾನಿಲ್ಲೇ ಇರ್ತೀನಿ, ನೀವು ಆಡ್ಕೊಂಡು ಬನ್ನಿ” ಎಂದು ಮಗನಿಗೆ ಹೇಳುತ್ತಿದ್ದರು. ಇಡೀ ಕುಟುಂಬಕ್ಕೆಂದು ಕಟ್ಟಿದ ಜಾಗದ ಹೊರಗೆ ಆ ಕುಟುಂಬದ ಹಿರಿಯ ಜೀವ ತಾನಾಗಿಯೇ ಉಳಿಯಿತು. ನಕಲಿ–ಅಸಲಿಯ ಚರ್ಚೆಯಲ್ಲಿ ಆ ಅಜ್ಜಿಗೆ ಜಾಗವಿಲ್ಲ.

ಇಷ್ಟು ಹೇಳಿದ ಮೇಲೆ ಜಾತ್ರೆಯನ್ನು ಹೊಗಳುವುದು ನಮ್ಮ ಬರವಣಿಗೆಯ ರೂಢಿ. ಜಾತ್ರೆಗೆ ಗೇಟಿಲ್ಲ, ಬೆಂಡು ಬತ್ತಾಸು ಎಲ್ಲರ ಕೈಗೆಟುಕುತ್ತದೆ, ಮರದ ತೊಟ್ಟಿಲಿನಲ್ಲಿ ಕೂರಲು ಲಕ್ಷಾಧೀಶರಾಗಬೇಕಿಲ್ಲ. ಇದೆಲ್ಲ ನಿಜವೇ. ಆದರೆ ತೇರಿನ ಹಗ್ಗವನ್ನು ಯಾರು ಹಿಡಿಯಬಹುದು, ಗುಡಿಯ ಮುಂದೆ ಯಾರು ಎಷ್ಟು ದೂರ ನಿಲ್ಲಬೇಕು ಎಂಬುದನ್ನು ಕಣ್ಣಿಗೆ ಕಾಣದ ದಿಬ್ಬವೊಂದು ಅಲ್ಲೂ ತೀರ್ಮಾನಿಸುತ್ತ ಬಂದಿದೆ. ಥೀಮ್ ಪಾರ್ಕಿನ ಗೇಟು ದುಡ್ಡು ಕೇಳುತ್ತದೆ, ಜಾತಿ ಕೇಳುವುದಿಲ್ಲ. ಟಿಕೆಟ್ ಕೊಂಡವರೆಲ್ಲ ಅಲೆಯ ಕೊಳದಲ್ಲಿ ಒಂದೇ ನೀರಿಗಿಳಿಯುತ್ತಾರೆ. ಚೌದಾರ್ ಕೆರೆಯ ನೀರು ಮುಟ್ಟುವ ಹಕ್ಕಿಗಾಗಿ 1927ರಲ್ಲಿ ಮಹಾಡದಲ್ಲಿ ಅಂಬೇಡ್ಕರ್ ಸತ್ಯಾಗ್ರಹ ಹೂಡಬೇಕಾಗಿ ಬಂದ ದೇಶದಲ್ಲಿ ಇದು ಸಣ್ಣ ಮಾತಲ್ಲ. ಯುರೋಪಿನಿಂದ ಬಂದು ಪಾರ್ಕನ್ನು ನೋಡಿದ ಕಣ್ಣಿಗೆ ಈ ಬಿಡುಗಡೆ ಹೊಳೆಯುವಂತಿರಲಿಲ್ಲ. ನಾವು ಅವರ ಸಿದ್ಧಾಂತವನ್ನು ಇದ್ದಂತೆಯೇ ಎತ್ತಿಕೊಂಡರೆ ನಮಗೂ ಹೊಳೆಯುವುದಿಲ್ಲ.

ಹಾಗೆಂದು ಗೇಟು ದಾಟಿದವರೆಲ್ಲ ಸಮಾನರು ಎನ್ನುವಂತೆಯೂ ಇಲ್ಲ. ಡಿಸ್ನಿ ಪಾರ್ಕುಗಳಲ್ಲಿ ಸರದಿ ತಪ್ಪಿಸುವ ‘ಫಾಸ್ಟ್‌ಪಾಸ್’ 1999ರಲ್ಲಿ ಬಂದಾಗ ಅದಕ್ಕೆ ಬೇರೆ ಹಣ ಕೊಡಬೇಕಿರಲಿಲ್ಲ. 2021ರಲ್ಲಿ ಅದರ ಜಾಗಕ್ಕೆ ಹಣ ಕೊಟ್ಟು ಕೊಳ್ಳುವ ವ್ಯವಸ್ಥೆ ಬಂತು. ನಮ್ಮ ಪಾರ್ಕುಗಳಲ್ಲೂ ಹೆಚ್ಚು ತೆತ್ತವರಿಗೆ ಬೇರೆ ಸಾಲುಂಟು. ದೊಡ್ಡ ದೇವಸ್ಥಾನಗಳ ವಿಶೇಷ ದರ್ಶನ ಕಂಡ ನಮಗೆ ಇದೇನೂ ಹೊಸದಲ್ಲ. ಬಿಸಿಲಿನ ಸಾಲಿನಲ್ಲಿ ನಿಂತ ಮಗು, “ಅಪ್ಪಾ, ಅವರ್ಯಾಕೆ ಮೊದಲು ಹೋಗ್ತಾರೆ?” ಎಂದು ಕೇಳಿದಾಗ ಅಪ್ಪ ಕೊಡುವ ಉತ್ತರವೇ ಆ ದಿನದ ನಿಜವಾದ ಪಾಠ. ಮಣ್ಣಿನ ದಿಬ್ಬ ಈಗ ಹಗ್ಗ ಕಟ್ಟಿದ ಸಾಲಾಗಿ ಪಾರ್ಕಿನ ಒಳಕ್ಕೇ ಬಂದಿದೆ.

ಬೇಕರ್ ಚಿತ್ರ ದೊಡ್ಡದಾಗುವುದು ಅದು ದಿಬ್ಬದ ಆಚೆ ನಿಂತೂ ಸಂತೋಷವನ್ನು ಬಿಟ್ಟುಕೊಡದ ಕಾರಣಕ್ಕೆ. ಗೆಳತಿ ಜಾನ್ಸಿಯನ್ನು ‘ಸಫಾರಿ’ಗೆಂದು ಕರೆದೊಯ್ದು ಮೂನಿ ತೋರಿಸುವುದು ಬಯಲಿನಲ್ಲಿ ಮೇಯುವ ದನಗಳನ್ನು. ಜಾನ್ಸಿಯ ಹುಟ್ಟುಹಬ್ಬಕ್ಕೆ ಹ್ಯಾಲಿ ಮಕ್ಕಳನ್ನು ಬಯಲಿಗೆ ಕರೆದುಕೊಂಡು ಹೋಗಿ, ದೂರದಲ್ಲಿ ಪಾರ್ಕಿನವರು ಹಾರಿಸುವ ಬಾಣಬಿರುಸು ನಿನಗಾಗಿಯೇ ಎನ್ನುತ್ತಾಳೆ. ಆಕಾಶಕ್ಕೆ ಟಿಕೆಟ್ ಇಡಲು ಡಿಸ್ನಿಗೂ ಆಗಿಲ್ಲ. ಇದು ಬಡತನವನ್ನು ಚೆಂದಗಾಣಿಸುವ ಭಾವುಕತೆಯಲ್ಲವೇ ಎಂದು ಕೇಳಬಹುದು. ಅಲ್ಲ ಎನ್ನುತ್ತೇನೆ. ಹ್ಯಾಲಿಯ ಸಿಟ್ಟು, ಬೇಜವಾಬ್ದಾರಿ, ದುಡ್ಡಿಗಾಗಿ ಅವಳು ಹಿಡಿಯುವ ದಾರಿ, ಸ್ನಾನದ ಕೋಣೆಯಲ್ಲಿ ಒಂಟಿಯಾಗಿ ಕೂತು ಆಡುವ ಮೂನಿ, ಯಾವುದನ್ನೂ ಚಿತ್ರ ಬಚ್ಚಿಡುವುದಿಲ್ಲ. ಆ ತಾಯಿ ಮಗಳಿಗೆ ಕೊಡಬಲ್ಲ ಒಂದು ದಿನ ಎಷ್ಟು ದುಬಾರಿ ಎಂಬುದರ ಲೆಕ್ಕ ಅದಕ್ಕೆ ಗೊತ್ತಿದೆ.

ಕೊನೆಗೆ ಮಕ್ಕಳ ಕಲ್ಯಾಣ ಇಲಾಖೆಯವರು ಮೂನಿಯನ್ನು ತಾಯಿಯಿಂದ ಬೇರ್ಪಡಿಸಲು ಬರುತ್ತಾರೆ. ಅವಳು ತಪ್ಪಿಸಿಕೊಂಡು ಜಾನ್ಸಿಯ ಬಾಗಿಲಿಗೆ ಓಡುತ್ತಾಳೆ. ಮಾತು ಹೊರಡದ ಗೆಳತಿಯ ಕೈಹಿಡಿದು ಜಾನ್ಸಿ ಓಡತೊಡಗುತ್ತಾಳೆ, ಹೆದ್ದಾರಿ ದಾಟಿ, ಪಾರ್ಕಿನ ಒಳಕ್ಕೆ, ಸಿಂಡ್ರೆಲಾಳ ಕೋಟೆಯತ್ತ. ಅಲ್ಲಿಯವರೆಗೆ ಫಿಲ್ಮ್ ಸುರುಳಿಯಲ್ಲಿ ಮೂಡಿದ ಚಿತ್ರ ಇಲ್ಲಿ ಥಟ್ಟನೆ ಐಫೋನಿಗೆ ಹೊರಳುತ್ತದೆ. ಬೇಕರ್ ಇದನ್ನು ಅನುಮತಿಯಿಲ್ಲದೆ ಗುಟ್ಟಾಗಿ ಚಿತ್ರಿಸಿದರು. ಈ ಮುಕ್ತಾಯ ಸಿನಿಮಾದ ಅಷ್ಟೂ ವಾಸ್ತವವನ್ನು ಕೈಬಿಟ್ಟಿತು ಎಂಬ ಆಕ್ಷೇಪವುಂಟು. ಆ ಆಕ್ಷೇಪ ನನಗೆ ಒಪ್ಪಿಗೆಯಾಗುವುದಿಲ್ಲ. ಒಳಗಿರುವ ಕುಟುಂಬಗಳು ತಮ್ಮ ಮಕ್ಕಳ ನಗುವನ್ನು ಹಿಡಿದಿಡುವುದು ಇಂಥದೇ ಫೋನಿನಲ್ಲಿ. ಅದೇ ಕಣ್ಣಿನಿಂದ ಟಿಕೆಟ್ ಇಲ್ಲದ ಇಬ್ಬರು ಮಕ್ಕಳನ್ನು ನೋಡುವಂತೆ ಬೇಕರ್ ನಮ್ಮನ್ನು ಒತ್ತಾಯಿಸುತ್ತಾರೆ. ಕೋಟೆ ಸುಳ್ಳು ಎಂದು ಇಕೊನಿಗೆ ಗೊತ್ತಿತ್ತು, ಬೋದ್ರಿಯಾನಿಗೆ ಗೊತ್ತಿತ್ತು, ನಮಗೂ ಗೊತ್ತು. ಆ ಇಬ್ಬರು ಮಕ್ಕಳಿಗೆ ಓಡಿಹೋಗಲು ಬೇರೆ ಜಾಗ ಯಾವುದಿತ್ತು ಎಂಬ ಪ್ರಶ್ನೆಗೆ ಮಾತ್ರ ನಮ್ಮಲ್ಲಿ ಯಾರ ಬಳಿಯೂ ಉತ್ತರವಿಲ್ಲ.