ಕೆಂಪು ಗೆರೆಯ ವ್ಯಾಕರಣ: ಪದಸಂಸ್ಕಾರಕದಲ್ಲಿ ಭಾಷೆಯ ಆಯ್ಕೆ ಮತ್ತು ಕನ್ನಡದ ಕಾಗುಣಿತ ತಪಾಸಣೆ

ಪದಸಂಸ್ಕಾರಕವು ಪದವೊಂದರ ಕೆಳಗೆ ಎಳೆಯುವ ಕೆಂಪು ಗೆರೆಯನ್ನು ಬರೆಯುವವರು ಸಾಮಾನ್ಯವಾಗಿ 'ಈ ಪದ ತಪ್ಪು' ಎಂದು ಗ್ರಹಿಸುತ್ತಾರೆ. ಆ ಗೆರೆ ವಾಸ್ತವದಲ್ಲಿ ಹೇಳುವುದು ಇಷ್ಟೇ: ಇಂಥ ಭಾಷೆಯದೆಂದು ಗುರುತಿಸಲಾದ ಈ ಅಕ್ಷರಸರಣಿಯು ತಂತ್ರಾಂಶದ ಬಳಿಯಿರುವ ಪಟ್ಟಿ ಮತ್ತು ನಿಯಮಗಳಿಂದ ಸಿದ್ಧಿಸುವುದಿಲ್ಲ. ಈ ಹೇಳಿಕೆಯ ಹಿಂದೆ ಮೂರು ಸಂಗತಿಗಳಿವೆ: ಅಕ್ಷರಗಳ ಸಂಕೇತ, ಭಾಷೆಯ ಗುರುತು ಮತ್ತು ಪದರಚನೆಯ ವ್ಯಾಕರಣ. ಮೊದಲೆರಡನ್ನು ಬಳಕೆದಾರರು ತಾವೇ ಸರಿಪಡಿಸಿಕೊಳ್ಳಬಹುದು. ಮೂರನೆಯದು ಭಾಷಾವಿಜ್ಞಾನದ ಹೊಣೆ ಎಂಬುದು ಪ್ರಸ್ತುತ ಬರಹದ ನಿಲುವು.

ಸಂಕೇತದ ತೊಡಕು ಮೊದಲನೆಯದು. ಯುನಿಕೋಡ್‌ಪೂರ್ವದ ಫಾಂಟ್‌ಗಳಲ್ಲಿ ಬೆರಳಚ್ಚಾದ ಪಠ್ಯವು ಕಣ್ಣಿಗೆ ಕನ್ನಡವಾಗಿ ಕಂಡರೂ ಕಡತದೊಳಗೆ ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸರಣಿಯಾಗಿಯೇ ಉಳಿದಿರುತ್ತದೆ. ಅದನ್ನು ಯುನಿಕೋಡ್‌ಗೆ ಪರಿವರ್ತಿಸದೆ ನಡೆಸುವ ಯಾವ ತಪಾಸಣೆಯೂ ನಿರರ್ಥಕ. ಯುನಿಕೋಡ್‌ನಲ್ಲಿಯೂ 'ಸಾಫ್ಟ್‌ವೇರ್' ಮತ್ತು 'ಸಾಫ್ಟ್ವೇರ್' ಎಂಬ ರೂಪಗಳ ನಡುವೆ ಕಾಣದ ಒಂದು ಅಕ್ಷರದ ವ್ಯತ್ಯಾಸವಿದೆ. ಉಚ್ಚಾರಣೆ ಒಂದೇ ಆದರೂ ಯಂತ್ರಕ್ಕೆ ಅವು ಎರಡು ಪದಗಳು.

ಭಾಷೆಯ ಗುರುತಿನದು ಎರಡನೆಯ ತೊಡಕು. ಲಿಬ್ರೆ ಆಫೀಸ್ ಪಠ್ಯದ ಭಾಷೆಯನ್ನು ಪಾಶ್ಚಾತ್ಯ, ಏಷ್ಯನ್, ಸಂಕೀರ್ಣ ಲಿಪಿ ಎಂಬ ಮೂರು ವರ್ಗಗಳಲ್ಲಿ ಪ್ರತ್ಯೇಕವಾಗಿ ನಮೂದಿಸುತ್ತದೆ. ಕನ್ನಡ ಸೇರುವುದು ಮೂರನೆಯ ವರ್ಗಕ್ಕೆ. ಆದ್ದರಿಂದ ಪಾಶ್ಚಾತ್ಯ ಭಾಷೆಯ ಆಯ್ಕೆಯನ್ನು ಎಷ್ಟು ಬಾರಿ ಬದಲಿಸಿದರೂ ಕನ್ನಡ ಪಠ್ಯದ ಮೇಲೆ ಪರಿಣಾಮವಾಗದು. ಸಂಕೀರ್ಣ ಲಿಪಿಯ ಆಯ್ಕೆಯನ್ನು ಸಕ್ರಿಯಗೊಳಿಸಿ, ಅಲ್ಲಿ ಕನ್ನಡವನ್ನು ಆರಿಸಿ, ಕನ್ನಡದ ಪದಕೋಶ ಅಳವಟ್ಟಿದೆಯೇ ಎಂದು ನೋಡಬೇಕು. ಬೇಸತ್ತು ಇಡೀ ಕಡತದ ಭಾಷೆಯನ್ನು 'ಯಾವುದೂ ಇಲ್ಲ' ಎಂದು ಮಾಡುವುದು ಪರಿಹಾರವಲ್ಲ. ಗೆರೆಗಳೊಂದಿಗೆ ಪಠ್ಯದ ಭಾಷಾ ಗುರುತೂ ಅಳಿಯುತ್ತದೆ.

ಈ ವರ್ಗೀಕರಣದ ಆಧಾರ ಲಿಪಿ, ಭಾಷೆಯಲ್ಲ. ತುಳು, ಕೊಡವ, ಕೊಂಕಣಿಗಳೂ ಕನ್ನಡ ಲಿಪಿಯಲ್ಲಿ ಬರೆಯಲ್ಪಡುತ್ತವೆ. ಸಂಕೀರ್ಣ ಲಿಪಿಗೆ ಕನ್ನಡವೊಂದನ್ನೇ ನಿಗದಿಪಡಿಸಿದ ಕಡತದಲ್ಲಿ 'ಯಾನ್ ಬರ್ಪೆ' ಎಂಬ ನಿರ್ದುಷ್ಟ ತುಳು ವಾಕ್ಯವು ಕೆಟ್ಟ ಕನ್ನಡವಾಗಿ ಪರಿಗಣಿತವಾಗುತ್ತದೆ. ಅನ್ಯಭಾಷೆಯ ಉದಾಹರಣೆಗಳಿಗೆ ಪ್ರತ್ಯೇಕ ಅಕ್ಷರಶೈಲಿಯೊಂದನ್ನು ರೂಪಿಸಿ, ಆ ಶೈಲಿಗೆ ಮಾತ್ರ ಬೇರೆ ಭಾಷೆಯನ್ನೋ 'ಯಾವುದೂ ಇಲ್ಲ' ಎಂಬುದನ್ನೋ ನೀಡುವುದು ಇದಕ್ಕಿರುವ ಉಪಾಯ.

ಈ ಎರಡೂ ಸರಿಯಾದ ಮೇಲೆ ಉಳಿಯುವುದು ವ್ಯಾಕರಣ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನ ಮುಖ್ಯಪದಗಳನ್ನೆಲ್ಲ ಪಟ್ಟಿಗೆ ಸೇರಿಸಿದರೂ ಸಮಸ್ಯೆ ತೀರದು. ಬರಹದಲ್ಲಿ ಬರುವುದು ಮುಖ್ಯಪದವಲ್ಲ, ಪ್ರತ್ಯಯಯುಕ್ತ ರೂಪ. 'ಮರ' ಎಂಬುದು ಮರವನ್ನು, ಮರದಿಂದ, ಮರಕ್ಕೆ ಎಂದು ಬೇರೆ ಬೇರೆ ಬಗೆಯಲ್ಲಿ ಪ್ರತ್ಯಯವನ್ನು ಪಡೆಯುತ್ತದೆ. 'ಮರದಲ್ಲಿದ್ದವುಗಳನ್ನೂ' ಎಂಬಲ್ಲಿ ವಿಭಕ್ತಿ, ಕೃದಂತ, ಸರ್ವನಾಮ, ಬಹುವಚನ, ಮತ್ತೆ ವಿಭಕ್ತಿ, ಸಮುಚ್ಚಯ ಎಲ್ಲವೂ ಒಂದೇ ಪದದೊಳಗಿವೆ. ಹಂಗೇರಿಯನ್ ಭಾಷೆಗೆಂದು ರೂಪುಗೊಂಡ ಹನ್‌ಸ್ಪೆಲ್ ಎರಡು ಹಂತದ ಪರಪ್ರತ್ಯಯಗಳನ್ನು ಕಳಚಬಲ್ಲದು. ಅದಕ್ಕೂ ಮಿಗಿಲಾದ ಸರಣಿಗಳನ್ನು ಮೊದಲೇ ಕೂಡಿಸಿ ಬರೆದಿಡಬೇಕು. ಫಿನ್ನಿಷ್ ಭಾಷೆಗಾಗಿ ರಚಿತವಾದ ವೊಯಿಕ್ಕೊ ಪಟ್ಟಿಗೆ ಜೋತುಬೀಳದೆ ಪದರಚನೆಯ ವಿಶ್ಲೇಷಣೆಯನ್ನೇ ಅವಲಂಬಿಸಿದೆ. ಅದೇ ಭಾಷೆಯನ್ನು ಮುಂದಿಟ್ಟುಕೊಂಡು ಕಿಮ್ಮೊ ಕೊಸ್ಕೆನ್ನಿಯೆಮಿ 1983ರಲ್ಲಿ ಮಂಡಿಸಿದ ದ್ವಿಸ್ತರ ಆಕೃತಿಮಾ ಮಾದರಿಯು ಸಂಧಿಯನ್ನು ನಿಯಮವಾಗಿ ನಿರೂಪಿಸುವ ಬಗೆಯನ್ನು ತೋರಿಸಿತು. ಕನ್ನಡಕ್ಕೆ ಬೇಕಿರುವುದು ಇನ್ನೂ ದೊಡ್ಡ ಪಟ್ಟಿಯಲ್ಲ, ಇಂಥ ವ್ಯಾಕರಣ.

ಉತ್ತಮ ವ್ಯಾಕರಣಕ್ಕೂ ಮಿತಿಯಿದೆ. 'ಹಿರಿಯರು ವಧೂವರರನ್ನು ಹರಸಿದರು' ಎಂಬಲ್ಲಿ 'ಅರಸಿದರು' ಎಂದಾದರೆ ಗೆರೆ ಮೂಡುವುದಿಲ್ಲ, ಎರಡೂ ಸಾಧುರೂಪಗಳೇ. ಇದಕ್ಕೆ ಪ್ರತಿಯಾಗಿ ಉತ್ತರ ಕರ್ನಾಟಕದ 'ಮನ್ಯಾಗ' ಕೆಂಪಾಗುತ್ತದೆ, ಡಿ. ಎನ್. ಶಂಕರ ಭಟ್ಟರು ಪ್ರತಿಪಾದಿಸಿದ, ಮಹಾಪ್ರಾಣಗಳನ್ನು ಕೈಬಿಟ್ಟ ಬರವಣಿಗೆಯೂ ಕೆಂಪಾಗುತ್ತದೆ. ಮೊದಲನೆಯದು ನಿಜವಾದ ತಪ್ಪು. ಉಳಿದೆರಡು ತಪ್ಪುಗಳಲ್ಲ, ಭಿನ್ನತೆಗಳು. ಕ್ಷೇತ್ರಕಾರ್ಯದ ಲಿಪ್ಯಂತರವನ್ನು ಸಿದ್ಧಪಡಿಸುವ ಸಂಶೋಧಕರು ಸೂಚಿತ ರೂಪವನ್ನು ಒಪ್ಪುತ್ತ ಹೋದರೆ 'ಮನ್ಯಾಗ' 'ಮನೆಯಲ್ಲಿ' ಆಗಿ, ಉಪಭಾಷೆಯ ಸಾಕ್ಷ್ಯವೇ ಕಡತದಿಂದ ಮಾಯವಾಗುತ್ತದೆ. ಆ ಕಡತವೇ ನಾಳೆ ಪಠ್ಯಸಂಚಯದ ಭಾಗವಾದರೆ, ಇಲ್ಲದ ಏಕರೂಪತೆಗೆ ಅದು ಪುರಾವೆಯೂ ಆದೀತು.

ಆದುದರಿಂದ ಕಾಗುಣಿತ ತಪಾಸಣೆಯನ್ನು ಕೇವಲ ತಾಂತ್ರಿಕ ಸೌಲಭ್ಯವೆಂದು ಪರಿಗಣಿಸುವುದು ಸಲ್ಲದು. ಯಾವ ರೂಪವನ್ನು ಶಿಷ್ಟವೆಂದು, ಯಾವುದನ್ನು ಪರ್ಯಾಯವೆಂದು, ಯಾವುದನ್ನು ದೋಷವೆಂದು ಗುರುತಿಸಬೇಕೆಂಬ ನಿರ್ಣಯ ಅದರೊಳಗಿದೆ. ಈ ಮೂರನ್ನು ಬೇರ್ಪಡಿಸಿ ತೋರಿಸುವ, ನಿಯಮಗಳನ್ನು ಬಹಿರಂಗವಾಗಿ ಪರಿಶೀಲನೆಗೆ ಒಡ್ಡುವ ಪರೀಕ್ಷಕವು ಕನ್ನಡಕ್ಕೆ ಅಗತ್ಯ. ಅಲ್ಲಿಯವರೆಗೆ ಕೆಂಪು ಗೆರೆಯನ್ನು ತೀರ್ಪೆಂದಲ್ಲ, ಪ್ರಶ್ನೆಯೆಂದು ಓದುವುದೇ ಯುಕ್ತ.